ಸೊನ್ನೆಗಿಂತ ಕೆಳಗಿನ ಬೆಳಕು

ಮಾರ್ಚ್ ೩, ಸೋಮವಾರ

ನಮ್ಮ ಮೊಂಡ ಇವತ್ತು ಸೊನ್ನೆಗಿಂತ ಕೆಳಗೆ ಇಳಿದಿದೆ.

ನನ್ನ ಗಂಡ ಇದ್ದಿದ್ದರೆ ‘ಮೊದಲಿಂದ ಹೇಳು’ ಅನ್ನುತ್ತಿದ್ದ. ನಾನು ಯಾವುದನ್ನು ಹೇಳಲು ಹೊರಟರೂ ನಡುವಿನಿಂದಲೇ ಶುರು ಮಾಡುತ್ತೇನೆಂದು ಅವನ ದೂರು. ಅವನು ಹೋಗಿ ಎರಡು ವರ್ಷವಾಯಿತು. ಹೇಳಿಕೊಳ್ಳಲು ಈಗ ಈ ಪುಸ್ತಕವಿದೆ. ಆದ್ದರಿಂದ ಮೊದಲಿಂದ ಬರೆಯುತ್ತೇನೆ.

ಮೊಂಡ ಎಂದರೆ ಕಳೆದ ವರ್ಷ ಒಂದು ಗೆಲಾಕ್ಸಿಯ ತೋಳಿನಲ್ಲಿ ಸಿಡಿದ ನಕ್ಷತ್ರ. ಸಿಡಿದ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡುವುದೇ ಇಷ್ಟು ವರ್ಷಗಳ ನನ್ನ ಕೆಲಸ. ಬಹುಪಾಲು ಒಳ್ಳೆಯ ಮಕ್ಕಳ ಹಾಗೆ, ಯಾವ ಬೆಂಚಿನಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತವೆ. ಇದು ಮಾತ್ರ ಯಾವ ಬೆಂಚಿನಲ್ಲೂ ಕೂರಲಿಲ್ಲ. ಮೊದಮೊದಲು ಎಲ್ಲದರಂತೆಯೇ ಹೊಳೆಯಿತು, ಆಮೇಲೆ ಎಲ್ಲಕ್ಕಿಂತ ಬೇಗ ಕಂದಿತು. ಈಗ ಲೆಕ್ಕ ಹಾಕಿದರೆ ಅದರ ಬೆಳಕು ಸೊನ್ನೆಗಿಂತಲೂ ಕಡಿಮೆ ಬರುತ್ತಿದೆ. ನಕ್ಷತ್ರ ಇರಬಹುದು, ಇಲ್ಲದಿರಬಹುದು. ಇಲ್ಲದ್ದಕ್ಕಿಂತಲೂ ಕಡಿಮೆ ಇರುವುದು ಹೇಗೆ?

ಗೆಲಾಕ್ಸಿಯ ಬೆಳಕಿನ ನಡುವೆ ಸಿಕ್ಕಿಕೊಂಡ ನಕ್ಷತ್ರವನ್ನು ಅಳೆಯಬೇಕಾದರೆ, ಅದು ಸಿಡಿಯುವುದಕ್ಕೆ ಮೊದಲು ತೆಗೆದ ಅದೇ ಜಾಗದ ಚಿತ್ರ ಬೇಕು. ಈಗಿನ ಚಿತ್ರದಿಂದ ಆ ಹಳೆಯದನ್ನು ಕಳೆದರೆ ಉಳಿಯುವುದು ನಕ್ಷತ್ರದ ಬೆಳಕೊಂದೇ. ನಾನು ಬಳಸುತ್ತಿರುವ ಹಳೆಯ ಚಿತ್ರ ಅವನು ತೆಗೆದದ್ದು. ಆಸ್ಪತ್ರೆಗೆ ಸೇರುವ ಮುನ್ನ ಅವನು ದೂರದರ್ಶಕದ ಮುಂದೆ ಕೂತ ಕೊನೆಯ ಸಲ. ಅಷ್ಟು ಸ್ವಚ್ಛವಾದ ಚಿತ್ರ ನಮ್ಮ ವೀಕ್ಷಣಾಲಯದಲ್ಲಿ ಇನ್ನೊಂದಿಲ್ಲ.

ಸಂಜೆ ನಾದಿನಿಯ ಫೋನು. “ಅತ್ತಿಗೆ, ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ಅಣ್ಣ ಹೋದ್ಮೇಲೂ ನೀವೊಬ್ರೇ ಯಾಕೆ ಎಲ್ಲಾ ಹೊತ್ಕೋಬೇಕು? ನಿಮಗೂ ಒಂದು ಜೀವನ ಇದೆ.”

“ಹಾಗೆಲ್ಲ ಅನ್ಬೇಡ. ಅವರು ಅವನ ಅಮ್ಮ. ನೋಡ್ಕೊಳ್ಳೋದು ನನ್ನ ಕರ್ತವ್ಯ” ಎಂದೆ. ಚೆನ್ನಾಗಿ ಹೇಳಿದೆ ಅನ್ನಿಸಿತು. ಅತ್ತೆ ಪಕ್ಕದಲ್ಲೇ ಕೂತು ಬಟಾಣಿ ಸುಲಿಯುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ, ಇನ್ನೊಂದು ಕಾಯಿ ಎತ್ತಿಕೊಂಡರು.

ಮಾರ್ಚ್ ೬, ಗುರುವಾರ

ಪಕ್ಕದ ಕೋಣೆಯ ಸಹೋದ್ಯೋಗಿಗೆ ಅನುಮಾನದಮ್ಮ ಎಂದು ಹೆಸರಿಟ್ಟವನು ಅವನೇ. ಬೆಳಿಗ್ಗೆ ಸೂರ್ಯ ಹುಟ್ಟಿದರೂ ‘ಅದೇ ಸೂರ್ಯಾನಾ?’ ಎಂದು ಕೇಳುವವಳು ಅನ್ನುತ್ತಿದ್ದ. ಇವತ್ತು ಅವಳು ನನ್ನ ಬಾಗಿಲಿಗೆ ಒರಗಿ ನಿಂತು, “ಮೇಡಂ, ಕ್ಯಾಮೆರಾ ನೋಡಿದ್ವಿ, ಫಿಲ್ಟರ್ ನೋಡಿದ್ವಿ, ಪ್ರೋಗ್ರಾಂ ನೋಡಿದ್ವಿ. ನೋಡದೇ ಇರೋದು ಒಂದೇ. ಸರ್ ತೆಗೆದ ಚಿತ್ರ” ಎಂದಳು.

“ಆ ಚಿತ್ರದಲ್ಲಿ ಏನೂ ಇಲ್ಲ.”

“ಇಲ್ಲ ಅಂತ ನೋಡಿದೀವಾ?”

“ನಾನು ಹೇಳ್ತಿದೀನಲ್ಲ.”

ಅವಳು ತನ್ನ ಕಪ್ಪು ಎತ್ತಿಕೊಂಡು ಹೋದಳು. ಆ ದಿನ ಅವನು ಶಾಲು ಹೊದ್ದುಕೊಂಡು, ಪ್ರತಿ ಚಿತ್ರಕ್ಕೂ ಫೋಕಸ್ ಸರಿಮಾಡಿಕೊಳ್ಳುತ್ತ ಕೂತಿದ್ದನ್ನು ನಾನು ನೋಡಿದ್ದೇನೆ. ಅವಳು ನೋಡಿಲ್ಲ.

ಮಾರ್ಚ್ ೧೧, ಮಂಗಳವಾರ

ಊಟಕ್ಕೆ ಕೂತಾಗ ಅತ್ತೆ, “ನಾನು ಅವಳ ಜೊತೆ ಹೋಗೋಣ ಅಂತಿದೀನಿ. ಮುಂದಿನ ತಿಂಗಳು ಮೊದಲನೇ ಭಾನುವಾರ ಕಾರು ತರ್ತಾಳಂತೆ” ಎಂದರು. ನಾಳೆ ಹಾಲಿನವನು ಬರುವುದಿಲ್ಲ ಅನ್ನುವಷ್ಟೇ ಸಲೀಸಾಗಿ.

“ಸರಿ ಅತ್ತೆ. ನಿಮಗೆ ಹೇಗೆ ಅನುಕೂಲವೋ ಹಾಗೆ.”

“ಅಷ್ಟೇನಾ?”

“ಇನ್ನೇನು?”

“ಏನಿಲ್ಲ. ಉಪ್ಪು ಕೊಡು.”

ಪಾತ್ರೆ ತೊಳೆಯುವಾಗ ಸಿಟ್ಟು ಬಂತು. ನಾನೇನು ಕಡಿಮೆ ಮಾಡಿದ್ದೆ? ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಮಂಡಿಗೆ ಬೆಲ್ಟು ತಂದಿದ್ದೆ. ಅವರಿಗೆ ಮಗಳು ಬೇಕಾದರೆ ಹೋಗಲಿ. ಹೆತ್ತ ಮಗಳು, ಅವಳಿಗೆ ಹಕ್ಕಿದೆ. ತಡೆಯಲು ನಾನು ಯಾರು? ಅತ್ತೆ ನನಗೆ ಅತ್ತೆಯಾದದ್ದು ಅವನಿಂದ. ಅವನನ್ನು ಕಳೆದರೆ ನಮ್ಮಿಬ್ಬರ ನಡುವೆ ಉಳಿಯುವುದೇನು? ಸೊನ್ನೆ.

ಮಾರ್ಚ್ ೧೫, ಶನಿವಾರ

ಒಲೆಯ ಮೇಲಿದ್ದ ಪಾತ್ರೆ ಉಕ್ಕಿ, ಉಪ್ಪುನೀರು ಬೆಂಕಿಗೆ ಬಿದ್ದು, ನೀಲಿ ಜ್ವಾಲೆ ಒಂದು ಗಳಿಗೆ ಹಳದಿಯಾಯಿತು. ಅಷ್ಟೇ ಸಾಕಾಯಿತು. ನಾನು ಇಡೀ ಮಧ್ಯಾಹ್ನ ಎಂಟನೇ ತರಗತಿಯಲ್ಲಿ ಕಳೆದೆ.

ಆ ಶಾಲೆಯ ಪ್ರಯೋಗಶಾಲೆ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಸ್ಪಿರಿಟ್ ದೀಪ. ಅತ್ತೆ ಆಗ ನಮ್ಮ ವಿಜ್ಞಾನದ ಟೀಚರ್. ತಂತಿಯ ತುದಿಗೆ ಉಪ್ಪು ಹಚ್ಚಿ ಬೆಂಕಿಗೆ ಹಿಡಿದರು, ಹಳದಿ. ಇನ್ನೊಂದು ಪುಡಿ ಹಚ್ಚಿದರು, ಹಸಿರು. “ಪ್ರತಿಯೊಂದು ವಸ್ತುವೂ ಸುಟ್ಟಾಗ ತನ್ನ ಬಣ್ಣಾನೇ ಹೇಳುತ್ತೆ. ಸುಳ್ಳು ಹೇಳೋಕೆ ಅದಕ್ಕೆ ಬರಲ್ಲ” ಎಂದರು. ನಾನು ಕೈಯೆತ್ತಿ, “ನಕ್ಷತ್ರದಲ್ಲಿ ಉಪ್ಪಿದೆಯಾ ಟೀಚರ್?” ಎಂದು ಕೇಳಿದೆ. ಮಕ್ಕಳೆಲ್ಲ ನಕ್ಕರು. ಅವರು ನಗಲಿಲ್ಲ. “ಸಂಜೆ ಮನೆಗೆ ಬಾ, ಅದಕ್ಕೊಂದು ಪುಸ್ತಕ ಇದೆ” ಎಂದರು.

ಹೋದೆ. ಬಾಗಿಲು ತೆರೆದವನು ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹುಡುಗ, ಅವರ ಮಗ. ನನ್ನ ಕಡೆ ನೋಡಲೂ ಇಲ್ಲ. ಅವನು ನನ್ನನ್ನು ಸರಿಯಾಗಿ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ. ಅಲ್ಲಿಯವರೆಗೆ ನಾನು ಆ ಮನೆಗೆ ಹೋಗುತ್ತಿದ್ದದ್ದು ಪುಸ್ತಕಕ್ಕೆ, ಅಡುಗೆಮನೆಯ ಸ್ಟೂಲಿಗೆ, ಮತ್ತು ಕಿಟಕಿಯಲ್ಲಿ ಇಟ್ಟಿದ್ದ ಪ್ರಿಸಮ್ಮಿಗೆ.

ಮದುವೆಯಾದ ಹೊಸತರಲ್ಲಿ ಬಾಯಿತಪ್ಪಿ ಟೀಚರ್ ಎಂದೇ ಕರೆಯುತ್ತಿದ್ದೆ. “ಮನೇಲಿ ಟೀಚರ್ ಅನ್ಬೇಡ ಮಾರಾಯ್ತಿ, ಎಲ್ಲೋ ಉತ್ತರಪತ್ರಿಕೆ ತಿದ್ದೋದು ಬಾಕಿ ಇದೆ ಅನ್ಸುತ್ತೆ” ಎಂದರು. ಅಂದಿನಿಂದ ಅತ್ತೆ. ಎಷ್ಟು ವರ್ಷವಾಯಿತು.

ಮಾರ್ಚ್ ೧೬, ಭಾನುವಾರ

ಅಡುಗೆಮನೆಯ ಕಿಟಕಿಯಲ್ಲಿ ಪ್ರಿಸಂ ಇಲ್ಲ. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಬಣ್ಣದ ಪಟ್ಟಿ ಬಿದ್ದರೆ ಟೀಗೆ ನೀರಿಡುವ ಹೊತ್ತು ಎಂದು ಲೆಕ್ಕ. ಇವತ್ತು ಟೀ ತಡವಾಯಿತು.

ಮಾರ್ಚ್ ೨೨, ಶನಿವಾರ

ಅವನ ಬೀರು ತೆಗೆದೆವು. ನಾನು ತೆಗೆಯಬೇಕೆಂದುಕೊಂಡದ್ದಲ್ಲ, ಅತ್ತೆ ತಮ್ಮ ಹಳೆಯ ಕೋಟು ಹುಡುಕುತ್ತ ತೆಗೆದರು. ಒಳಗಿಂದ ಅವನ ವಾಸನೆ ಬಂತು.

ಬೂದು ಬಣ್ಣದ ಸ್ವೆಟರಿನ ವಿಚಾರಕ್ಕೆ ಜಗಳವಾಯಿತು. ನಿಜವಾಗಿ ಅದು ಜಗಳವಲ್ಲ, ಇಬ್ಬರೂ ‘ನೀವಿಟ್ಟುಕೊಳ್ಳಿ’, ‘ನೀನಿಟ್ಕೋ’ ಎಂದು ಮುಖ ಊದಿಸಿಕೊಂಡದ್ದು. ಅದರ ಒಂದು ಮೊಣಕೈಗೆ ಅತ್ತೆ ಹಾಕಿದ ತೇಪೆಯಿದೆ. ಇನ್ನೊಂದಕ್ಕೆ ನಾನು ಹಾಕಿದ ತೇಪೆ, ಬೇರೆ ಬಣ್ಣದ ದಾರ. ಅವನು ಅದನ್ನೇ ಹಾಕಿಕೊಂಡು ಸಭೆಗೆ ಹೋಗಿ, “ಒಂದು ಕೈ ಅಮ್ಮಂದು, ಒಂದು ಕೈ ಹೆಂಡ್ತೀದು, ನನ್ನದೂ ಅಂತ ಇದರಲ್ಲಿ ಏನೂ ಇಲ್ಲ” ಎಂದು ಎಲ್ಲರಿಗೂ ತೋರಿಸಿದ್ದ. ಅದನ್ನು ನೆನೆಸಿಕೊಂಡು ಅತ್ತೆ ನಕ್ಕರು. ಆಮೇಲೆ ನಾನೂ ನಕ್ಕೆ. ನಗುತ್ತ ನಗುತ್ತ ಅಳು ಬಂತು, ಅದೂ ಇಬ್ಬರಿಗೂ.

ಸ್ವೆಟರು ಕುರ್ಚಿಯ ಬೆನ್ನಿನ ಮೇಲೆ ಇದೆ. ಯಾರೂ ತೆಗೆದುಕೊಂಡಿಲ್ಲ.

ಮಾರ್ಚ್ ೨೮, ಶುಕ್ರವಾರ

ದೊಡ್ಡ ದೂರದರ್ಶಕದಲ್ಲಿ ತೆಗೆದ ಮೊಂಡನ ವರ್ಣಪಟಲ ಬಂದಿದೆ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದ ಪಟ್ಟಿ. ನೋಡುತ್ತಿದ್ದಂತೆ ನನ್ನ ಟೀ ಆರಿಹೋಯಿತು.

ಸಿಡಿದ ನಕ್ಷತ್ರದ ಚೂರು ಭಯಂಕರ ವೇಗದಲ್ಲಿ ಹಾರುತ್ತಿರುತ್ತದೆ, ಆದ್ದರಿಂದ ಅದರ ಗೆರೆಗಳೆಲ್ಲ ಅಗಲವಾಗಿ ಹರಡಿಕೊಂಡಿರುತ್ತವೆ. ಇಲ್ಲಿಯೂ ಹರಡಿಕೊಂಡಿವೆ. ಆದರೆ ಕೆಂಪಿನಲ್ಲಿ, ಜಲಜನಕ ಇರಬೇಕಾದ ಕಡೆ, ಗ್ರಾಫಿನ ಅಗಲವಾದ ಗುಡ್ಡದ ನೆತ್ತಿಯ ಮೇಲೆ ಸೂಜಿಯಷ್ಟು ಸಪೂರವಾದ ಒಂದು ಗೆರೆ ನಿಂತಿದೆ. ಸಪೂರ ಎಂದರೆ ನಿಧಾನ. ನಿಧಾನವಾದ ಅನಿಲ ಆ ನಕ್ಷತ್ರದ ಸುತ್ತ ಮೊದಲೇ ಇತ್ತು. ಅದನ್ನು ಅಲ್ಲಿ ಹರಡಿದ್ದು ನಕ್ಷತ್ರವೇ. ಕೊನೆಯ ಸಿಡಿತಕ್ಕೆ ಒಂದೆರಡು ವರ್ಷ ಮುಂಚೆ ಅದು ಒಮ್ಮೆ ಮೈ ಕೊಡವಿಕೊಂಡಿದೆ, ಆಗಲೂ ಒಂದಿಷ್ಟು ಹೊಳೆದಿರಲೇಬೇಕು.

ಒಂದೆರಡು ವರ್ಷ ಮುಂಚೆ ಎಂದರೆ ಅವನು ಶಾಲು ಹೊದ್ದು ಕೂತಿದ್ದ ದಿನಗಳು.

ಎದ್ದು ಅನುಮಾನದಮ್ಮನ ಕೋಣೆಗೆ ಹೋದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, “ಬಿಸ್ಕತ್ತು ಇದೆಯಾ?” ಎಂದೆ. ಅವಳು ಡಬ್ಬಿ ಮುಂದೆ ತಳ್ಳಿದಳು.

“ಅವತ್ತು ನೀವು ಹೇಳಿದ್ದೇ ಸರಿ ಇರಬೋದು. ಅವನ ಚಿತ್ರದಲ್ಲೇ ನಕ್ಷತ್ರದ ಬೆಳಕು ಸೇರ್ಕೊಂಡಿದೆ ಅನ್ಸುತ್ತೆ. ಏನೂ ಇಲ್ಲದ ಚಿತ್ರ ಅಂದ್ಕೊಂಡು ನಾನು ಅದನ್ನೇ ಕಳೀತಾ ಬಂದೆ.”

“ಅಂದ್ರೆ ನಕ್ಷತ್ರದಿಂದ ನಕ್ಷತ್ರಾನೇ ಕಳೆದ್ವಿ.”

“ಹೊಳೀತಿದ್ದಾಗ ಗೊತ್ತಾಗ್ಲಿಲ್ಲ. ಮಂಕಾಗ್ತಾ ಬಂದ ಹಾಗೆ ತಪ್ಪು ಎದ್ದು ಕಾಣ್ತು.”

ಅವಳು ಗೆದ್ದ ಮುಖ ಮಾಡಲಿಲ್ಲ. “ಇದು ಸರ್ ತಪ್ಪಲ್ಲ ಮೇಡಂ. ಅವರು ಅಲ್ಲಿ ಏನಿತ್ತೋ ಅದನ್ನೇ ತೆಗೆದಿದಾರೆ. ಏನೂ ಇರ್ಲಿಲ್ಲ ಅಂದ್ಕೊಂಡಿದ್ದು ನಾವು” ಎಂದಳು. ಅವಳಿಗೆ ಇಷ್ಟು ಮೃದುವಾಗಿ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಈಗ ಅವನದಕ್ಕಿಂತಲೂ ಹಳೆಯ ಚಿತ್ರ ಬೇಕು. ಮೊಂಡ ಇನ್ನೂ ಸುಮ್ಮನಿದ್ದ ಕಾಲದ್ದು.

ಏಪ್ರಿಲ್ ೨, ಬುಧವಾರ

ಸಿಕ್ಕಿತು.

ಆ ಗೆಲಾಕ್ಸಿಯ ಹಳೆಯ ಚಿತ್ರಗಳನ್ನು ಹುಡುಕಿದರೆ ಎಲ್ಲ ಕೆಲಸಕ್ಕೆ ಬಾರದವು. ಒಂದಕ್ಕೆ ಮೋಡ ಅಡ್ಡ, ಇನ್ನೊಂದಕ್ಕೆ ಚಂದ್ರ. ಕೊನೆಗೆ ಒಂದು ತೆರೆದುಕೊಂಡಿತು. ಸ್ವಲ್ಪ ಮಸುಕು, ಆದರೆ ಸಾಕಷ್ಟು ಆಳದ್ದು. ಚಿತ್ರದ ಜೊತೆ ತಾರೀಖು, ಫಿಲ್ಟರು ಎಲ್ಲ ದಾಖಲಾಗಿರುತ್ತದೆ. ವೀಕ್ಷಕರ ಹೆಸರು ಇರಬೇಕಾದ ಕಡೆ ಅವನು ಟೈಪ್ ಮಾಡಿದ್ದ: ‘ಟೀಚರ್’.

ಮರೆತೇ ಹೋಗಿತ್ತು. ಅತ್ತೆ ನಿವೃತ್ತರಾದ ವರ್ಷ ಅವರನ್ನು ವೀಕ್ಷಣಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಸಂಜೆ ಕತ್ತಲಾಗುತ್ತಿದ್ದಂತೆ ಅವನು ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, “ಅಮ್ಮಾ, ಇಲ್ಲಿ ಒತ್ತು” ಎಂದ. ಅವರು ಕನ್ನಡಕ ಒರೆಸಿಕೊಂಡು, ಸೆರಗಿನಿಂದ ಬೆರಳನ್ನೂ ಒರೆಸಿಕೊಂಡು ಒತ್ತಿದರು. ಚಿತ್ರ ತೆಗೆಯುವಷ್ಟು ಹೊತ್ತೂ ಮೂವರೂ ಮಾತು. ಫೋಕಸ್ ಸರಿದದ್ದನ್ನು ಯಾರೂ ನೋಡಲಿಲ್ಲ. ಪರದೆಯ ಮೇಲೆ ಗೆಲಾಕ್ಸಿ ಮೂಡಿದಾಗ ಅವರು ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನಕ್ಷತ್ರದಲ್ಲಿ ಉಪ್ಪಿದೆಯಾ ಅಂತ ಕೇಳಿದ್ದೆಯಲ್ಲ ನೀನು” ಎಂದರು. ಮಗನ ಕಡೆ ಅಲ್ಲ, ನನ್ನ ಕಡೆ. ಅವನು, “ನೋಡಿದ್ಯಾ, ನಾನು ಈ ಮನೆಗೆ ಆಮೇಲೆ ಬಂದವನ ಹಾಗಿದೀನಿ” ಎಂದು ನಕ್ಕಿದ್ದ.

ಇವತ್ತು ಅವನ ಚಿತ್ರದಿಂದ ಟೀಚರ್ ತೆಗೆದ ಚಿತ್ರವನ್ನು ಕಳೆದೆ. ಗೆಲಾಕ್ಸಿ ಪೂರ್ತಿ ಮಾಯವಾಯಿತು. ತೋಳಿನ ಜಾಗದಲ್ಲಿ ಒಂದು ಸಣ್ಣ ಚುಕ್ಕೆ ಉಳಿಯಿತು. ಮೊಂಡ ಸಿಡಿದ ಜಾಗವೇ. ಸಿಡಿಯುವುದಕ್ಕೆ ಮುಂಚೆ ಅದು ಹೊಳೆದದ್ದನ್ನು ಲೋಕದಲ್ಲಿ ಹಿಡಿದಿಟ್ಟವನು ಅವನೊಬ್ಬನೇ, ಅದೂ ಅವನಿಗೇ ಗೊತ್ತಿಲ್ಲದೆ.

ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿದೆವು. ನಕ್ಷತ್ರ ಸೊನ್ನೆಗಿಂತ ಮೇಲೆ ಬಂದು ಕೂತಿದೆ. ಮಂಕಾಗಿದೆ, ಆದರೆ ಇದೆ. ಅನುಮಾನದಮ್ಮ ಒಂದೂ ಪ್ರಶ್ನೆ ಕೇಳದೆ ನನ್ನ ಬೆನ್ನು ತಟ್ಟಿದಳು.

ಏಪ್ರಿಲ್ ೪, ಶುಕ್ರವಾರ

ಎರಡೂ ಚಿತ್ರಗಳನ್ನು ಮುದ್ರಿಸಿ ಮನೆಗೆ ತಂದೆ. ಟೀಚರ್ ಪೆಟ್ಟಿಗೆಗಳ ನಡುವೆ ಕೂತು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಚುಕ್ಕೆ ತೋರಿಸಿದೆ. ಮಗನ ಚಿತ್ರದ ಮೇಲೆ ಮೆತ್ತಗೆ ಕೈಯಾಡಿಸಿದರು. ಆಮೇಲೆ ತಮ್ಮದನ್ನು ಎತ್ತಿಕೊಂಡು, “ನಂದು ಮಸುಕಾಗಿದೆ” ಎಂದರು.

“ಮಸುಕಾದ್ರೂ ಅದೊಂದೇ ಇದ್ದದ್ದು. ಅದಿಲ್ಲದೆ ಏನೂ ಗೊತ್ತಾಗ್ತಿರ್ಲಿಲ್ಲ.”

“ಹಾಗಾದ್ರೆ ಪಾಸ್” ಎಂದರು.

ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದೆ. “ಹಗ್ಗ ಬೇಕಾ, ಪೆಟ್ಟಿಗೆ ಕಟ್ಟೋಕೆ?” ಎಂದು ಕೇಳಿದೆ. ಅವರು ನನ್ನ ಮುಖವನ್ನು ನೋಡಿ, “ಬೇಕು, ಇದ್ರೆ ಕೊಡು” ಎಂದರು. ಹಗ್ಗ ಇತ್ತು. ಇಲ್ಲವೆನ್ನಲು ಬಾಯಿ ಬರಲಿಲ್ಲ, ತಂದುಕೊಟ್ಟೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಏಪ್ರಿಲ್ ೬, ಭಾನುವಾರ

ನಾದಿನಿ ಹೇಳಿದ್ದಕ್ಕಿಂತ ಬೇಗ ಬಂದಳು. ಅವಳು ಯಾವಾಗಲೂ ಹಾಗೆ, ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಓಡುವವಳು. ಮೊದಲ ಪೆಟ್ಟಿಗೆಯನ್ನು ಕಾರಿಗೆ ಇಬ್ಬರೂ ಸೇರಿ ಹೊತ್ತೆವು. ಎರಡನೆಯದು ಸಣ್ಣದು, ಅದನ್ನು ನಾನೊಬ್ಬಳೇ ಎತ್ತಿಕೊಂಡೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಯಾವುದೋ ಗಾಜು ಟಣ್ ಎಂದಿತು.

ಹೊಸ್ತಿಲವರೆಗೆ ಹೋದೆ. ಆಮೇಲೆ ಕಾಲು ಮುಂದೆ ಹೋಗಲಿಲ್ಲ.

“ಟೀಚರ್, ಹೋಗ್ಬೇಡಿ” ಎಂದೆ.

ನಾದಿನಿ ಯಾಕೋ ಥಟ್ಟನೆ ತಿರುಗಿ ನನ್ನ ಮುಖವನ್ನೇ ನೋಡಿದಳು. ಅವರು ಕೈಚೀಲದ ಜಿಪ್ಪು ಎಳೆಯುತ್ತಿದ್ದವರು ನಿಲ್ಲಿಸಿದರು.

“ಕಾರಣ ಕೊಡು” ಎಂದರು. ಪ್ರಶ್ನೆಪತ್ರಿಕೆಯ ದನಿಯಲ್ಲೇ.

“ಕಾರಣ ಗೊತ್ತಿಲ್ಲ. ನೀವಿಲ್ಲದ ಮನೆಗೆ ಸಂಜೆ ಬರೋಕೆ ನನಗೆ ಆಗಲ್ಲ. ಅವನ ಅಮ್ಮ ಅಂತ ಅಲ್ಲ. ಅವನು ನನಗೆ ಏನೂ ಆಗಿಲ್ಲದೇ ಇದ್ದಾಗಲೂ ನಾನು ನಿಮ್ಮ ಅಡುಗೆಮನೆ ಸ್ಟೂಲ್ ಮೇಲೇ ಕೂತಿರ್ತಿದ್ದೆ. ನನಗೆ ನೀವು ಬೇಕು.”

ಅವರು ಕುರ್ಚಿಯಲ್ಲಿ ಕೂತರು. ಅವನ ಸ್ವೆಟರು ಬೆನ್ನಿಗೆ ಒತ್ತಿತು. “ಕರ್ತವ್ಯ ಅಂದಿದ್ದೆ ನೀನು, ಫೋನಲ್ಲಿ” ಎಂದರು. “ಕರ್ತವ್ಯ ಅನ್ನೋದರ ಮೇಲೆ ಎಷ್ಟು ಪ್ರಬಂಧ ತಿದ್ದಿದೀನಿ ಗೊತ್ತಾ ನಾನು? ಯಾವ ಮಗೂನೂ ಅದನ್ನ ಇಷ್ಟಪಟ್ಟು ಬರೆದದ್ದು ನೋಡಿಲ್ಲ. ನಿನ್ನ ಕರ್ತವ್ಯ ಆಗಿ ಇರೋದು ಬೇಡ ಅನ್ನಿಸ್ತು. ಅವತ್ತು ಊಟಕ್ಕೆ ಕೂತಾಗ ಬೇಡ ಅಂತೀಯಾ ಅಂತ ನೋಡಿದೆ. ಅನ್ಲಿಲ್ಲ. ಮೊನ್ನೆ ಹಗ್ಗ ಕೇಳಿದಾಗಲೂ ನೋಡಿದೆ. ತಂದುಕೊಟ್ಟೆ ನೀನು.”

“ನೀವು ಹೇಳಬಹುದಿತ್ತಲ್ಲ.”

“ಉತ್ತರ ನಾನೇ ಹೇಳಿಕೊಡೋಕಾಗುತ್ತಾ?” ಎಂದರು. ಅವರ ದನಿ ಒಡೆಯಿತು. “ಗಂಟೆ ಹೊಡೆದ ಮೇಲೆ ಬರೆಯೋ ಅಭ್ಯಾಸ ನಿನಗೆ ಎಂಟನೇ ಕ್ಲಾಸಿಂದ್ಲೂ ಇದೆ.”

ನಾದಿನಿ ಸೊಂಟದ ಮೇಲೆ ಕೈಯಿಟ್ಟುಕೊಂಡು, “ಹಾಗಾದ್ರೆ ನಾನು ಇಷ್ಟು ದೂರ ಗಾಡಿ ಓಡಿಸ್ಕೊಂಡು ಬಂದಿದ್ದು ಯಾಕೆ?” ಎಂದಳು. ಅವಳ ಕಣ್ಣೂ ತುಂಬಿತ್ತು. ಅವಳಿಗೂ ಅಮ್ಮ ಬೇಕು, ಅದನ್ನು ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ. ಕೊನೆಗೆ, ಅವಳ ಮಕ್ಕಳಿಗೆ ರಜೆ ಬಂದಾಗ ಒಂದು ತಿಂಗಳು ಅಲ್ಲಿ, ಉಳಿದದ್ದು ಇಲ್ಲಿ ಎಂದು ಒಪ್ಪಂದವಾಯಿತು. ಕಾರಿಗೆ ಹಾಕಿದ್ದ ಪೆಟ್ಟಿಗೆಯನ್ನು ಮತ್ತೆ ಇಬ್ಬರೂ ಸೇರಿ ಹೊತ್ತು ತಂದೆವು. ಬರುವಾಗ ಅದು ಹಗುರವಾಗೇನೂ ಇರಲಿಲ್ಲ. ನನ್ನ ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ ೨೦, ಭಾನುವಾರ

ಗೆಲಾಕ್ಸಿ ಸೂರ್ಯನ ಪಕ್ಕಕ್ಕೆ ಸರಿಯುತ್ತಿದೆ, ಇನ್ನು ಕೆಲವು ತಿಂಗಳು ಮೊಂಡನನ್ನು ನೋಡಲಾಗುವುದಿಲ್ಲ. ಅಷ್ಟರಲ್ಲಿ ಇದರ ಸಂಶೋಧನಾ ಪ್ರಬಂಧ ಮುಗಿಸಬೇಕು. ಲೇಖಕರಲ್ಲಿ ಮೊದಲ ಹೆಸರು ಅವನದೇ ಇರಲಿ ಎಂದು ಅನುಮಾನದಮ್ಮ ಹೇಳಿದಳು, ಯಾವ ಅನುಮಾನವೂ ಇಲ್ಲದೆ.

ಕರಡನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಟೀಚರ್ ಕೆಂಪು ಪೆನ್ನು ಹಿಡಿದುಕೊಂಡು ಕೂತಿದ್ದಾರೆ. ವಿಷಯ ಗೊತ್ತಾಗದಿದ್ದರೂ ವಾಕ್ಯ ಉದ್ದವಾದದ್ದು ಗೊತ್ತಾಗುತ್ತದಂತೆ.

ಪ್ರಿಸಂ ಕಿಟಕಿಗೆ ಬಂದಿದೆ. ಆದರೆ ಇಷ್ಟರಲ್ಲಿ ಬಿಸಿಲು ತನ್ನ ಜಾಗ ಬದಲಿಸಿಕೊಂಡಿದೆ, ಬಣ್ಣದ ಪಟ್ಟಿ ಫ್ರಿಜ್ಜಿಗೆ ಬೀಳದೆ ಗೋಡೆಗೆ ಬೀಳುತ್ತಿತ್ತು. ನಾನು ಹೇಳಿದೆ. ಟೀಚರ್ ಬಟಾಣಿ ಬಿಟ್ಟು ಎದ್ದು ಬಂದು, ಅದನ್ನು ಒಂದಿಷ್ಟು ತಿರುಗಿಸಿದರು. ಕೆಂಪು ಮೊದಲು ಬಂತು, ಆಮೇಲೆ ಉಳಿದವು. ಟೀಗೆ ನೀರಿಟ್ಟೆ.